ಪಟ್ಟಿಯಲ್ಲಿ ಇಲ್ಲದವರು



ನಾವು ಇಬ್ಬರು. ಊರು ಬೇರೆ ಬೇರೆ, ಕೇರಿ ಮಾತ್ರ ಒಂದೇ ಥರದ್ದು. ತಾಲೂಕು ಕಾಲೇಜಿನಲ್ಲಿ ಬಿಸಿಎ ಓದಿ, ಬೆಂಗಳೂರಿನಲ್ಲಿ ಕೆಲಸಕ್ಕಾಗಿ ಚಪ್ಪಲಿ ಸವೆಸಿ, ಕೊನೆಗೆ 2022ರ ಜೂನ್‌ನಲ್ಲಿ ಒಂದು ವಿದ್ಯಾಸಂಸ್ಥೆಯ ಕಚೇರಿಗೆ 11 ತಿಂಗಳ ಗುತ್ತಿಗೆಯ ಮೇಲೆ ಸೇರಿಕೊಂಡೆವು. ಆ ಸಂಸ್ಥೆ ಕಾಲೇಜುಗಳನ್ನೂ ಹಾಸ್ಟೆಲ್‌ಗಳನ್ನೂ ನಡೆಸುತ್ತದೆ. ನಮ್ಮಂಥ ಮನೆಗಳ ಮಕ್ಕಳೇ ಅಲ್ಲಿ ಹೆಚ್ಚು. ಅವರ ಹಾಜರಿ, ಊಟದ ಲೆಕ್ಕ, ಫೀಸು, ವಿದ್ಯಾರ್ಥಿವೇತನ ಎಲ್ಲವೂ ಒಂದು ಕಂಪ್ಯೂಟರ್ ವ್ಯವಸ್ಥೆಯೊಳಗೆ ಇದ್ದವು. ಅದನ್ನು ಕಟ್ಟಿದವರು ಕೆಲಸ ಬಿಟ್ಟು ಹೋಗಿ ಏಳು ತಿಂಗಳಾಗಿತ್ತು. ಅದನ್ನು ನೋಡಿಕೊಳ್ಳುವುದು ನಮ್ಮ ಕೆಲಸ.

ವ್ಯವಸ್ಥೆ ಎಂಬ ಮಾತನ್ನು ಈ ಪತ್ರಿಕೆಯ ಓದುಗರು ಸಾವಿರ ಸಲ ಕೇಳಿದ್ದೀರಿ. ವ್ಯವಸ್ಥೆ ಬದಲಾಗಬೇಕು ಎಂದು ನಾವೂ ಮೆರವಣಿಗೆಗಳಲ್ಲಿ ಕೂಗಿದ್ದೇವೆ. ಆದರೆ ಒಂದು ವ್ಯವಸ್ಥೆಯ ಹೊಟ್ಟೆಯೊಳಗೆ ಕೂತು, ಅದು ಯಾವ ನರದಿಂದ ಯಾವ ನರಕ್ಕೆ ಹೋಗುತ್ತದೆ ಎಂದು ಬೆರಳಿಟ್ಟು ನೋಡುವ ಅವಕಾಶ ನಮಗೆ ಸಿಕ್ಕಿದ್ದು ಅದೇ ಮೊದಲು. ಅಲ್ಲಿ ಕಂಡದ್ದನ್ನು ಬರೆಯಬೇಕು ಅನ್ನಿಸಿತು. ಕಂಪ್ಯೂಟರ್ ಗೊತ್ತಿಲ್ಲದವರಿಗೂ ತಿಳಿಯಬೇಕು ಎನ್ನುವುದು ನಮ್ಮ ಆಸೆ. ಯಾಕೆಂದರೆ ಇವತ್ತು ರೇಷನ್ನು, ಪಿಂಚಣಿ, ಪಹಣಿ, ಮಕ್ಕಳ ಫೀಸು ಎಲ್ಲವೂ ಇಂಥದೇ ಯಾವುದೋ ಹೊಟ್ಟೆಯೊಳಗಿಂದ ಹೊರಬರುತ್ತಿವೆ.

ಮೊದಲ ದಿನ ಸೂಪರಿಂಟೆಂಡೆಂಟರು ನಮ್ಮನ್ನು ಒಂದು ಕೋಣೆಗೆ ಕರೆದುಕೊಂಡು ಹೋದರು. ಒಂದು ಸರ್ವರ್, ಒಂದು ಯುಪಿಎಸ್, ಹಳೆಯ ಉತ್ತರ ಪತ್ರಿಕೆಗಳ ಮೂಟೆಗಳು. ಒಂದು ಚೀಟಿಯ ಮೇಲೆ ಬರೆದಿದ್ದ ಪಾಸ್‌ವರ್ಡ್ ಕೊಟ್ಟರು. "ಎಲ್ಲಾ ಇದರೊಳಗೇ ಐತೆ. ರಿಪೋರ್ಟ್ ಬರೋ ಹಂಗೆ ನೋಡ್ಕೊಳ್ರಪ್ಪ" ಅಂದರು.

"ಬರೆದಿಟ್ಟಿರೋ ಕಾಗದ ಏನಾದ್ರೂ ಇದಾವಾ ಸಾರ್?"

"ಎಲ್ಲಾ ಆ ಹುಡುಗನ ತಲೇಲಿತ್ತು."

ಆ ಹುಡುಗ ತಲೆಯನ್ನು ಕಚೇರಿಯಲ್ಲಿ ಬಿಟ್ಟು ಹೋಗಿರಲಿಲ್ಲ.

ಇಲ್ಲಿ ನಮ್ಮಿಬ್ಬರಲ್ಲಿ ಒಬ್ಬನ ತಾತನ ಮಾತು ಹೇಳಬೇಕು. ಆತ ಊರ ತೋಟಿ. ಶಾನುಭೋಗರ ಲೆಕ್ಕದ ಪುಸ್ತಕಗಳ ಗಂಟನ್ನು ತಲೆಯ ಮೇಲೆ ಹೊತ್ತು, ಅವರ ಹಿಂದೆ ಹಿಂದೆ ತಾಲೂಕು ಕಚೇರಿಗೆ ನಡೆಯುವುದು ಆತನ ಕೆಲಸ. ಗಂಟಿನೊಳಗೆ ಊರಿನ ಎಲ್ಲರ ಹೊಲ ಇತ್ತು, ಆತನ ತುಂಡು ಇನಾಮು ನೆಲವೂ ಇತ್ತು. ಆದರೆ ಆತನಿಗೆ ಅಕ್ಷರ ಬರುತ್ತಿರಲಿಲ್ಲ. ಅಕ್ಷರ ಬರುತ್ತಿದ್ದ ಗೌಡರಿಗೂ ಶಾನುಭೋಗರ ಬರವಣಿಗೆ ಹತ್ತುತ್ತಿರಲಿಲ್ಲವಂತೆ. ಅವರ ಅಂಕಿ, ಅವರ ಗುರುತು, ಅವರ ಸಂಕ್ಷೇಪ ಅವರಿಗೇ ಗೊತ್ತು. ತಂದೆ ಮಗನಿಗೆ ಹೇಳಿಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. 1961ರ ಕಾಯ್ದೆ ಬಂದು ವಂಶಪಾರಂಪರ್ಯದ ಗ್ರಾಮ ಹುದ್ದೆಗಳು ರದ್ದಾದವು. ಶಾನುಭೋಗಿಕೆಯೂ ಹೋಯಿತು, ತೋಟಿತನವೂ ಕಾಗದದ ಮೇಲೆ ಹೋಯಿತು. 2000ದ ನಂತರ ಭೂಮಿ ಯೋಜನೆಯಲ್ಲಿ ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿದವು. ಗಂಟು ಹೋಯಿತು ಎಂದು ನಾವೆಲ್ಲ ತಿಳಿದಿದ್ದೆವು. ಸರ್ವರ್ ಕೋಣೆಯಲ್ಲಿ ನಿಂತಾಗ ಗೊತ್ತಾಯಿತು, ಗಂಟು ಇನ್ನೂ ಇದೆ. ತಾತ ಹೊತ್ತ ಗಂಟನ್ನು ಮೊಮ್ಮಗ ಬಿಚ್ಚಿ ಓದಬೇಕಾಗಿತ್ತು, ಅಷ್ಟೇ ವ್ಯತ್ಯಾಸ.

ಗಂಟು ಹೇಗಿತ್ತು ಎಂದು ಹೇಳುತ್ತೇವೆ. ರಿಪೋರ್ಟುಗಳೇ ನೂರಕ್ಕೂ ಹೆಚ್ಚು. ಹೆಸರುಗಳು ಹೀಗೆ: ಫೈನಲ್, ಫೈನಲ್ ಹೊಸದು, ಫೈನಲ್ ಸಾಹೇಬರಿಗೆ, ಇದೇ ಸರಿ, ಇದೇ ಸರಿ 2. ಒಳಗೆ ಟೇಬಲ್‌ಗಳು, ಅಂದರೆ ಗೆರೆ ಎಳೆದ ರಿಜಿಸ್ಟರಿನಂಥವು. ಆ ರಿಜಿಸ್ಟರಿನ ಕಾಲಮ್ಮುಗಳಿಗೆ ಎಫ್1, ಎಫ್2, ಎಫ್3 ಎಂದು ಹೆಸರು. ಒಂದು ರಿಜಿಸ್ಟರಿಗೂ ಇನ್ನೊಂದಕ್ಕೂ ಏನು ಸಂಬಂಧ ಎಂದು ಡೇಟಾಬೇಸಿಗೆ ಹೇಳಿಡುವ ವಿಧಾನ ಉಂಟು. ಇಲ್ಲಿ ಯಾರೂ ಹೇಳಿರಲಿಲ್ಲ. ಸ್ಥಿತಿ ಎಂಬ ಕಾಲಮ್ಮಿನಲ್ಲಿ 1ರಿಂದ 9ರವರೆಗೆ ಅಂಕಿಗಳು. 4 ಅಂದರೇನು, 7 ಅಂದರೇನು ಎಂಬುದಕ್ಕೆ ಎಲ್ಲೂ ಉತ್ತರ ಇಲ್ಲ. ಸಾವಿರಾರು ಸಾಲಿನ ಆ ಬರವಣಿಗೆಯಲ್ಲಿ ಮನುಷ್ಯರಿಗೆಂದು ಬರೆದದ್ದು ಒಂದೇ ಒಂದು ಸಾಲು. ಒಂದು ಪ್ರೊಸೀಜರ್‌ನ ತಲೆಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಮಾತು: "ಮುಟ್ಟಬೇಡಿ."

ಈ ಮಾತು ನಮಗೆ ಹೊಸದಲ್ಲ. ನಮ್ಮ ಅಪ್ಪಂದಿರಿಗೂ ಹೊಸದಲ್ಲ. ಆದರೂ ಅದನ್ನು ಅಲ್ಲಿ ಕಂಡಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಮೊದಲ ವಾರ ನಾವು ತಪ್ಪು ದಾರಿ ಹಿಡಿದೆವು. ಎಲ್ಲವನ್ನೂ ಮೊದಲಿನಿಂದ ಕೊನೆಯವರೆಗೆ ಓದಲು ಕೂತೆವು. ಅದು ಊರು ಗೊತ್ತಿಲ್ಲದವನು ಊರಿನ ಎಲ್ಲ ಮನೆಯ ಬಾಗಿಲು ತಟ್ಟುತ್ತಾ ಹೋದ ಹಾಗೆ. ಆಮೇಲೆ ಬುದ್ಧಿ ಬಂತು. ಕಾಗದದಿಂದ ಶುರು ಮಾಡಿದೆವು. ಕಚೇರಿಯಲ್ಲಿ ಯಾರು ಯಾವ ರಿಪೋರ್ಟನ್ನು ಪ್ರಿಂಟ್ ತೆಗೆಯುತ್ತಾರೆ, ಯಾವ ಫೈಲಿಗೆ ಹಾಕುತ್ತಾರೆ, ಯಾರು ಸಹಿ ಮಾಡುತ್ತಾರೆ ಎಂದು ಕೇಳುತ್ತಾ ಹೋದೆವು. ಒಂದು ಕಾಗದ ಹಿಡಿದು ಅದರ ಮೇಲಿನ ಒಂದೇ ಒಂದು ಅಂಕಿಯ ಬೆನ್ನು ಹತ್ತಿದೆವು. ಈ ಅಂಕಿ ಎಲ್ಲಿಂದ ಬಂತು? ರಿಪೋರ್ಟಿನ ಒಳಗಿನ ಪ್ರಶ್ನೆಯಿಂದ. ಆ ಪ್ರಶ್ನೆ ಯಾರನ್ನು ಕೇಳುತ್ತದೆ? ಒಂದು ಪ್ರೊಸೀಜರನ್ನು. ಅದು? ಒಂದು ವ್ಯೂ ಅನ್ನು. ಆ ವ್ಯೂ ಇನ್ನೊಂದು ವ್ಯೂ ಅನ್ನು, ಅದು ಮತ್ತೊಂದನ್ನು. ಕೊನೆಗೆ ನಾಲ್ಕು ಟೇಬಲ್. ಇದನ್ನೆಲ್ಲ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ನಿನಿಂದ ಬರೆದು ಗೋಡೆಗೆ ಅಂಟಿಸಿದೆವು. ಒಂದು ಅಂಕಿಯ ವಂಶವೃಕ್ಷ ಮುಗಿದರೆ ಇನ್ನೊಂದು.

ಈ ಕೆಲಸ ಮಾಡುವ ಗೆಳೆಯರಿಗೆ ಉಪಯೋಗವಾಗಲಿ ಎಂದು ಎರಡು ಮಾತು. ನಾವು ನೋಡಿದ್ದು ಎಸ್‌ಕ್ಯೂಎಲ್ ಸರ್ವರ್. ಡೇಟಾಬೇಸು ತನ್ನ ಬಗ್ಗೆ ತಾನೇ ಒಂದು ಲೆಕ್ಕ ಇಟ್ಟುಕೊಂಡಿರುತ್ತದೆ. ಯಾವ ಟೇಬಲ್, ಯಾವ ಕಾಲಮ್ಮು, ಯಾವ ಪ್ರೊಸೀಜರ್‌ನಲ್ಲಿ ಏನು ಬರೆದಿದೆ ಎಂಬುದನ್ನು ಅದನ್ನೇ ಕೇಳಬಹುದು. ಫೀಸು ಎಂಬ ಮಾತು ಎಲ್ಲೆಲ್ಲಿ ಇದೆ ತೋರಿಸು ಎಂದರೆ ತೋರಿಸುತ್ತದೆ. ರಿಪೋರ್ಟಿಂಗ್ ಸರ್ವೀಸಸ್ ಎಂಬ ಅದರ ರಿಪೋರ್ಟ್ ವಿಭಾಗವೂ ಯಾವ ರಿಪೋರ್ಟನ್ನು ಯಾರು, ಯಾವಾಗ ತೆಗೆದರು ಎಂದು ದಿನಚರಿ ಬರೆಯುತ್ತದೆ. ಅದು ಕಂಡಾಗ ನಮಗೆ ನಿಧಿ ಸಿಕ್ಕ ಹಾಗಾಯಿತು. ನೂರಕ್ಕೂ ಮೇಲ್ಪಟ್ಟ ರಿಪೋರ್ಟುಗಳಲ್ಲಿ ಬಳಕೆಯಲ್ಲಿದ್ದದ್ದು 23 ಮಾತ್ರ! ಉಳಿದದ್ದನ್ನೆಲ್ಲ ಅಳಿಸಿಬಿಡೋಣ ಎಂದು ಕುಣಿದೆವು. ಆಗ ಗುಮಾಸ್ತೆ ಅಕ್ಕ ಒಂದು ಮಾತು ಕೇಳಿದರು. "ಮಾರ್ಚಿನಲ್ಲಿ ಆಡಿಟ್‌ಗೆ ಒಂದು ತೆಗೀತೀವಿ. ಅದು ನಿಮ್ಮ ಪಟ್ಟೀಲಿ ಐತಾ?" ಇರಲಿಲ್ಲ. ಆ ದಿನಚರಿ ಬೇರೆ ಹೇಳದಿದ್ದರೆ 60 ದಿನದ್ದನ್ನು ಮಾತ್ರ ಇಟ್ಟುಕೊಂಡು ಹಳೆಯದನ್ನು ಕಳೆಯುತ್ತದೆ. ವರ್ಷಕ್ಕೊಮ್ಮೆ ಬೇಕಾಗುವುದು ಅದರಲ್ಲಿ ಕಾಣುವುದಿಲ್ಲ. ಯಂತ್ರದ ನೆನಪಿಗಿಂತ ಅಕ್ಕನ ನೆನಪು ಉದ್ದ.

ಆ ಅಕ್ಕನ ಬಗ್ಗೆ ಹೇಳಲೇಬೇಕು. ಕಚೇರಿಯ ಮೂಲೆಯಲ್ಲಿ ಕೂತು ವರ್ಷಗಟ್ಟಲೆ ಡೇಟಾ ಎಂಟ್ರಿ ಮಾಡಿದವರು. ಅವರನ್ನು ಯಾರೂ ಏನೂ ಕೇಳಿದವರಲ್ಲ. ನಾವು ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕೂತು, "ಅಕ್ಕ, ಈ 7 ಅಂದ್ರೇನು?" ಅಂದೆವು. "ಅಯ್ಯೋ, ಬ್ಯಾಂಕಿಂದ ದುಡ್ಡು ವಾಪಸ್ ಬಂದ್ರೆ 7 ಹಾಕು ಅಂದಿದ್ರು ಕಣ್ರಪ್ಪ. 4 ಅಂದ್ರೆ ಸರ್ಟಿಫಿಕೇಟ್ ಕೊಟ್ಟಿಲ್ಲ ಅಂತ. 8 ಅಂತ ಶುರು ಮಾಡಿದ್ರು, ಆಮೇಲೆ ಬ್ಯಾಡ ಅಂದ್ರು." ನಾವು ಹದಿನೈದು ದಿನ ತಲೆ ಚಚ್ಚಿಕೊಂಡದ್ದನ್ನು ಆಕೆ ಒಂದು ಲೋಟ ಟೀ ಮುಗಿಯುವುದರೊಳಗೆ ಬಿಡಿಸಿಟ್ಟರು. ವ್ಯವಸ್ಥೆಯ ಅರ್ಥ ಎಲ್ಲ ಕಟ್ಟಿದವನ ತಲೆಯಲ್ಲಿ ಇದೆ ಎಂದು ಸಾಹೇಬರು ತಿಳಿದಿದ್ದರು. ಅರ್ಧ ಅರ್ಥ ಈ ಅಕ್ಕನ ಬೆರಳ ತುದಿಯಲ್ಲಿತ್ತು.

ಹೆಸರುಗಳದ್ದು ಇನ್ನೊಂದು ಗೋಳು. ಹಳೆಯ ಮಕ್ಕಳ ಹೆಸರುಗಳು ನುಡಿ ಫಾಂಟಿನ ಹಳೆಯ ಸಂಕೇತದಲ್ಲಿದ್ದವು. ಅಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿರುತ್ತಾರೆ. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಕನ್ನಡ, ಇಲ್ಲದ ಕಡೆ ಕಾಗೆಕಾಲು ಗುಬ್ಬಿಕಾಲು. ಹೊಸ ಮಕ್ಕಳ ಹೆಸರುಗಳು ಯೂನಿಕೋಡಿನಲ್ಲಿ. ಅಲ್ಲಿ ಕನ್ನಡಕ್ಕೆ ತನ್ನದೇ ಜಾಗ ಇದೆ. ಹೀಗಾಗಿ ಒಂದೇ ಹುಡುಗಿ ಪಿಯುಸಿಯಲ್ಲಿ ಒಬ್ಬಳು, ಡಿಗ್ರಿಯಲ್ಲಿ ಇನ್ನೊಬ್ಬಳು. ಕಣ್ಣಿಗೆ ಒಂದೇ ಹೆಸರು, ಯಂತ್ರಕ್ಕೆ ಇಬ್ಬರು. ಇದನ್ನು ಸರಿಮಾಡಲು ಒಂದು ತಿಂಗಳು ಹಿಡಿಯಿತು.

ಇಷ್ಟು ಹೊತ್ತಿಗೆ ನಾವು ಒಂದು ದೊಡ್ಡ ತಪ್ಪನ್ನೂ ಮಾಡಿದೆವು. ಮುಚ್ಚಿಡುವುದಿಲ್ಲ.

ಆ "ಮುಟ್ಟಬೇಡಿ" ನಮ್ಮನ್ನು ಕುಟುಕುತ್ತಲೇ ಇತ್ತು. ಹುಡುಕಿ ನೋಡಿದೆವು. ಆ ಪ್ರೊಸೀಜರನ್ನು ಯಾವ ರಿಪೋರ್ಟೂ ಕರೆಯುವುದಿಲ್ಲ, ಇನ್ನಾವ ಪ್ರೊಸೀಜರೂ ಕರೆಯುವುದಿಲ್ಲ. ಸತ್ತ ಹೆಣ ಇದು, ಸುಮ್ಮನೆ ಹೆದರಿಸುತ್ತಾ ಕೂತಿದೆ ಎಂದುಕೊಂಡೆವು. ಯಾರಪ್ಪ ನೀನು ಮುಟ್ಟಬೇಡಿ ಅನ್ನಲಿಕ್ಕೆ, ಎಂದು ಅದರ ಹೆಸರು ಬದಲಿಸಿ ಮೂಲೆಗೆ ತಳ್ಳಿದೆವು. ಒಂದನೇ ತಾರೀಕು ಬೆಳಿಗ್ಗೆ ಹಾಸ್ಟೆಲ್‌ಗಳ ಊಟದ ಬಿಲ್ಲು ಬರಲಿಲ್ಲ. ಬಿಲ್ಲು ಬರದೆ ಅಡುಗೆಯವರ ಸಂಬಳದ ಚೀಟಿ ಆಗಲಿಲ್ಲ. ಆ ಪ್ರೊಸೀಜರನ್ನು ಪ್ರತಿ ತಿಂಗಳ ಒಂದನೇ ತಾರೀಕು ನಸುಕಿನಲ್ಲಿ ಕರೆಯುವ ಒಂದು ಜಾಬ್ ಇತ್ತು. ಆ ಜಾಬ್‌ಗಳ ಪಟ್ಟಿ ಇರುವುದು ಬೇರೆ ಡೇಟಾಬೇಸಿನಲ್ಲಿ. ನಾವು ಹುಡುಕಿದ್ದು ಒಂದರೊಳಗೆ ಮಾತ್ರ. ನಮ್ಮದೇ ಓಣಿಯಲ್ಲಿ ಹುಡುಕಿ, ಊರಲ್ಲಿ ಯಾರೂ ಇಲ್ಲ ಎಂದು ಸಾರಿದ ಹಾಗಾಯಿತು.

ಅಡುಗೆಯವರು ಎಲ್ಲರೂ ಬಡ ಹೆಂಗಸರು. ಎರಡು ದಿನ ಸಂಬಳ ತಡವಾಯಿತು. ಅವರಲ್ಲಿ ಒಬ್ಬ ಅಮ್ಮ ಬಂದು, "ಸಂಘದ ಕಂತು ಕಟ್ಟೋ ದಿನ ಇವತ್ತು, ಏನ್ ಮಾಡ್ಲಿ ಮಗ?" ಅಂದಾಗ ನೆಲ ನೋಡಿದೆವು. ನಮ್ಮ ಸಿಟ್ಟಿಗೆ ಕಾರಣ ಇತ್ತು. ಆದರೆ ಆ ಸಿಟ್ಟಿನ ಬೆಲೆ ಕೊಟ್ಟವರು ಆ ಅಮ್ಮಂದಿರು. ಕೆಡವಬೇಕು ಎನ್ನುವ ಆತುರ ನಮ್ಮಂಥವರಿಗೆ ಹೆಚ್ಚು. ಕೆಡವುವ ಮೊದಲು ಅದರ ಕೆಳಗೆ ಯಾರು ಮಲಗಿದ್ದಾರೆ ಎಂದು ನೋಡಬೇಕು ಎನ್ನುವುದನ್ನು ನಾವು ಅಲ್ಲಿ ಕಲಿತೆವು. ಅಂದಿನಿಂದ ಒಂದು ನಿಯಮ ಮಾಡಿಕೊಂಡೆವು. ಇಡೀ ಡೇಟಾಬೇಸಿನ ನಕಲು ಬೇರೊಂದು ಕಂಪ್ಯೂಟರಿನಲ್ಲಿ ಇಟ್ಟು, ಏನೇ ಪ್ರಯೋಗ ಇದ್ದರೂ ಆ ನಕಲಿನ ಮೇಲೆ.

ಈಗ ಮುಖ್ಯ ಸಂಗತಿ.

ಸೆಪ್ಟೆಂಬರಿನಲ್ಲಿ ಒಂದು ತಾಲೂಕಿನ ಹುಡುಗಿಯರ ಹಾಸ್ಟೆಲ್‌ನ ವಾರ್ಡನ್ ಮೇಡಂ ಫೋನ್ ಮಾಡಿದರು. "ನಿಮ್ಮ ಪಟ್ಟೀಲಿ 93 ಜನ ಅವ್ರೆ. ನಾನು ದಿನಾ 112 ತಟ್ಟೆಗೆ ಬಡಿಸ್ತೀನಿ. ಇನ್ನು 19 ಜನ ಯಾರ ಮಕ್ಕಳು ಕಣ್ರೀ?"

ಆ ಪಟ್ಟಿ ಎಂದರೆ ವಿದ್ಯಾರ್ಥಿವೇತನದ ಅರ್ಹರ ಪಟ್ಟಿ. ಪರಿಶಿಷ್ಟ ಜಾತಿಯ ಮಕ್ಕಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ 1944ರಿಂದ ಇದೆ. ಬಾಬಾಸಾಹೇಬರು ವೈಸರಾಯರ ಮಂತ್ರಿಮಂಡಲದಲ್ಲಿ ಇದ್ದ ಕಾಲ ಅದು. ನಮ್ಮಂಥ ಮೊದಲ ತಲೆಮಾರಿನವರು ಕಾಲೇಜಿನ ಮೆಟ್ಟಿಲು ಹತ್ತಿದ್ದು ಅದರ ಬಲದಿಂದ. ಸರ್ಕಾರದ ಅರ್ಜಿ ಬೇರೆ, ಅದರ ಪರಿಶೀಲನೆ ಬೇರೆ. ಆದರೆ ಯಾವ ಮಕ್ಕಳಿಗೆ ಅರ್ಜಿ ಹಾಕಿಸಬೇಕು, ಯಾರಿಂದ ಈಗಲೇ ಫೀಸು ವಸೂಲು ಮಾಡಬೇಕು ಎಂಬುದನ್ನು ಸಂಸ್ಥೆಯ ಕಚೇರಿ ತನ್ನ ಈ ಪಟ್ಟಿ ನೋಡಿ ತೀರ್ಮಾನಿಸುತ್ತಿತ್ತು. ಪಟ್ಟಿಯಲ್ಲಿ ಹೆಸರಿದ್ದರೆ ಫೀಸಿಗೆ ಕಾಯುತ್ತಾರೆ. ಇಲ್ಲದಿದ್ದರೆ "ಕಟ್ಟಮ್ಮ" ಅನ್ನುತ್ತಾರೆ.

ಪಟ್ಟಿಯಲ್ಲಿ ಅರ್ಹರು 84, ಅನರ್ಹರು 9, ಒಟ್ಟು 93. ಲೆಕ್ಕ ಸರಿಯಾಗಿಯೇ ಕೂಡುತ್ತಿತ್ತು. ಯಾಕೆಂದರೆ ಆ ಒಟ್ಟು ಎಂಬುದು ಹಾಸ್ಟೆಲ್‌ನಲ್ಲಿ ಇರುವವರ ಒಟ್ಟು ಅಲ್ಲ, ಆ ಎರಡು ಅಂಕಿಗಳ ಒಟ್ಟು. ಹೊರಗೆ ಉಳಿದವರನ್ನು ಎಣಿಸುವ ಸಾಲೇ ಆ ಕಾಗದದಲ್ಲಿ ಇರಲಿಲ್ಲ. ಅದಕ್ಕೇ ವರ್ಷಗಟ್ಟಲೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ವಾರ್ಡನ್ ಮೇಡಂ ಹಾಜರಿ ಪುಸ್ತಕದ ಫೋಟೋ ಕಳಿಸಿದರು. ಒಂದೊಂದೇ ಹೆಸರು ಹಿಡಿದು ಅಂಕಿಯ ವಂಶವೃಕ್ಷದಲ್ಲಿ ಇಳಿದೆವು. 19 ಹುಡುಗಿಯರಲ್ಲಿ 12 ಮಂದಿ ಒಂದೇ ಮೆಟ್ಟಿಲಲ್ಲಿ ಬಿದ್ದುಹೋಗಿದ್ದರು. ಅಲ್ಲಿ ವಿದ್ಯಾರ್ಥಿಗಳ ಟೇಬಲ್ಲನ್ನೂ ಬ್ಯಾಂಕ್ ಖಾತೆಗಳ ಟೇಬಲ್ಲನ್ನೂ ಜೋಡಿಸಿದ್ದರು. ಈ ಜೋಡಣೆಯಲ್ಲಿ ಎರಡು ಬಗೆ. ಎರಡು ಕಡೆಯೂ ಇದ್ದವರನ್ನು ಮಾತ್ರ ತೆಗೆದುಕೋ ಎನ್ನುವುದು ಒಂದು, ಅದು ಇನ್ನರ್ ಜಾಯಿನ್. ಈ ಕಡೆ ಇರುವವರೆಲ್ಲ ಬರಲಿ, ಆ ಕಡೆ ಇಲ್ಲದಿದ್ದರೆ ಆ ಜಾಗ ಖಾಲಿ ಬಿಡು ಎನ್ನುವುದು ಇನ್ನೊಂದು, ಅದು ಲೆಫ್ಟ್ ಜಾಯಿನ್. ಅಲ್ಲಿ ಬರೆದಿದ್ದದ್ದು ಮೊದಲನೆಯದು. ಖಾತೆ ತೆರೆಯದ ಹುಡುಗಿ, ಖಾತೆಯ ನಂಬರ್ ಇನ್ನೂ ಕೊಡದ ಹುಡುಗಿ ಪಟ್ಟಿಯಿಂದಲೇ ಮಾಯ. ಖಾತೆ ಇಲ್ಲ ಎಂದು ಕೂಡ ಹೇಳದೆ ಮಾಯ.

ಉಳಿದ 7 ಮಂದಿಯದು ಇನ್ನೂ ವಿಚಿತ್ರ. ಅವರ ಆದಾಯದ ಜಾಗ ಖಾಲಿ. ಸರ್ಟಿಫಿಕೇಟ್ ಇನ್ನೂ ತಂದಿರಲಿಲ್ಲ. ಐಬಿಎಂನಲ್ಲಿದ್ದ ಎಡ್ಗರ್ ಕಾಡ್ ಎಂಬಾತ 1970ರಲ್ಲಿ ಹಾಕಿದ ತಳಪಾಯದ ಮೇಲೆ ಇಂಥ ಡೇಟಾಬೇಸುಗಳು ನಿಂತಿವೆ. ಆ ಪರಂಪರೆಯಲ್ಲಿ ಖಾಲಿ ಎಂದರೆ ಸೊನ್ನೆ ಅಲ್ಲ. ಖಾಲಿ ಎಂದರೆ ಗೊತ್ತಿಲ್ಲ. ಮಿತಿಗಿಂತ ಕಡಿಮೆಯೇ ಎಂದು ಕೇಳಿದರೆ ಉತ್ತರ ಹೌದು ಅಲ್ಲ, ಗೊತ್ತಿಲ್ಲ. ಮಿತಿಗಿಂತ ಹೆಚ್ಚೇ ಎಂದು ಕೇಳಿದರೂ ಗೊತ್ತಿಲ್ಲ. ಯಂತ್ರ ಹೌದು ಎಂಬ ಉತ್ತರ ಬಂದವರನ್ನು ಮಾತ್ರ ಎತ್ತಿಕೊಳ್ಳುತ್ತದೆ. ಹೀಗಾಗಿ ಈ 7 ಹುಡುಗಿಯರು ಅರ್ಹರೂ ಅಲ್ಲ, ಅನರ್ಹರೂ ಅಲ್ಲ. ಊರೊಳಗೂ ಇಲ್ಲ, ಕೇರಿಯೊಳಗೂ ಇಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಅನರ್ಹರು ಎಂದು ಬಂದಿದ್ದ 9 ಜನರನ್ನೂ ನೋಡೋಣ ಎಂದು ನೋಡಿದೆವು. ಅದರಲ್ಲಿ 5 ಮಂದಿಯ ಮನೆಯ ಆದಾಯ 2 ಲಕ್ಷಕ್ಕೂ ಎರಡೂವರೆ ಲಕ್ಷಕ್ಕೂ ನಡುವೆ. ಮಿತಿ 2013-14ರಿಂದಲೇ ಎರಡೂವರೆ ಲಕ್ಷ. ಹಾಗಿದ್ದರೆ ಇವರು ಹೇಗೆ ಅನರ್ಹರು? ಹುಡುಕಿದರೆ, ಒಂದೇ ಪ್ರೊಸೀಜರನ್ನು ಮೂರು ಕಡೆ ನಕಲು ಮಾಡಿದ್ದಾರೆ. ಮಿತಿ ಬದಲಾದಾಗ ಎರಡು ನಕಲುಗಳಲ್ಲಿ ತಿದ್ದಿದ್ದಾರೆ, ಮೂರನೆಯದನ್ನು ಮರೆತಿದ್ದಾರೆ. ಆ ಮೂರನೆಯದು ಈ ಒಂದು ಹಾಸ್ಟೆಲ್‌ಗೆ ಮಾತ್ರ. 200000 ಎಂಬ ಅಂಕಿ ಅಲ್ಲಿ ಒಂಬತ್ತು ವರ್ಷ ಅಲುಗಾಡದೆ ಕೂತಿತ್ತು. ಸರ್ಕಾರ ಕೊಟ್ಟದ್ದನ್ನು ಒಂದು ಅಂಕಿ ತಡೆದು ನಿಲ್ಲಿಸಿತ್ತು. ಆ ಅಂಕಿಯ ಮೇಲೆ ಯಾರ ಸಹಿಯೂ ಇರಲಿಲ್ಲ.

ಆ 19ರಲ್ಲಿ ಒಬ್ಬ ಹುಡುಗಿ ಆಗಲೇ ಕಾಲೇಜು ಬಿಟ್ಟು ಗಾರ್ಮೆಂಟ್ಸ್‌ಗೆ ಸೇರಿದ್ದಳು. ಆಕೆಯ ಹೆಸರು ಹಾಜರಿ ಪುಸ್ತಕದಲ್ಲಿ ಇತ್ತು, ತಟ್ಟೆ ಆ ವಾರ ಖಾಲಿಯಾಗಿತ್ತು. ನಾವು ಒಂದು ಭಾನುವಾರ ಆಕೆಯ ಊರಿಗೆ ಹೋದೆವು. ಹುಡುಗಿ ಮನೆಯಲ್ಲಿರಲಿಲ್ಲ. ಓವರ್‌ಟೈಮ್. ಅವ್ವ ಜಗಲಿಯ ಮೇಲೆ ಕೂರಿಸಿ ನೀರು ಕೊಟ್ಟರು. ನಾವು ತಪ್ಪು ಹೇಗಾಯಿತು ಎಂದು ವಿವರಿಸಲು ಹೊರಟರೆ ಆಕೆ ಕೈ ಅಡ್ಡ ಹಿಡಿದರು.

"ಆಪೀಸಿಗೆ ಮೂರು ದಪ ಹೋಗಿದ್ದೆ ಕಣಪ್ಪ. ಕಂಪೂಟ್ರಲ್ಲಿ ಬಂದಿಲ್ಲ ಅಂದ್ರು. ಮನುಸ್ರಾದ್ರೆ ಕಾಲಾದ್ರೂ ಹಿಡೀಬೋದು, ಜಗಳನಾದ್ರೂ ಆಡಬೋದು. ಕಂಪೂಟ್ರ ಹತ್ರ ಏನಂತ ಆಡಾದು?"

ಶಾನುಭೋಗರ ಮನೆಯ ಮುಂದೆ ನಿಂತು ನಮ್ಮ ಹಿರಿಯರು ಬೈದದ್ದುಂಟು. ಅವರ ಪುಸ್ತಕದಲ್ಲಿ ತಪ್ಪಿದ್ದರೆ ಅದು ಶಾನುಭೋಗರ ತಪ್ಪು ಎಂದು ಎಲ್ಲರಿಗೂ ಗೊತ್ತಿತ್ತು. ಇಲ್ಲಿ ತಪ್ಪು ಮಾಡಿದವನು ಕಾಣುವುದಿಲ್ಲ. ಒಬ್ಬ ಬರೆದು ಹೋದ ಒಂದು ಸಾಲು, "ಕಂಪ್ಯೂಟರಿನಲ್ಲಿ ಬಂದಿಲ್ಲ" ಎಂಬ ಮಾತಾಗಿ, ದೇವರ ಅಪ್ಪಣೆಯ ಹಾಗೆ ಕಿಟಕಿಯಿಂದ ಹೊರಗೆ ಬೀಳುತ್ತದೆ. ಕಿಟಕಿಯ ಒಳಗೆ ಕೂತವನಿಗೂ ಅದು ಯಾಕೆ ಎಂದು ಗೊತ್ತಿಲ್ಲ.

ನಮಗೆ ಆ ಹಳೆಯ ಡೆವಲಪರ್ ಮೇಲೆ ಕೆಟ್ಟ ಕೋಪ ಬಂತು. ಸಾಹೇಬರ ಹತ್ತಿರ ನಂಬರ್ ತೆಗೆದುಕೊಂಡು ರಾತ್ರಿ ಫೋನ್ ಮಾಡಿದೆವು. ಬೈಯಲೆಂದೇ ಮಾಡಿದೆವು. ಆತ ಮೊದಲು ಕೇಳಿದ್ದು, "ಊಟದ ಬಿಲ್ಲು ಸರಿಯಾಗಿ ಬರ್ತಾ ಇದೆಯಾ?" ಎಂದು. ಆಮೇಲೆ ಒಂದು ಗಂಟೆ ಮಾತಾಡಿದರು. ಅವರೂ ನಮ್ಮ ಹಾಗೇ 11 ತಿಂಗಳ ಗುತ್ತಿಗೆಯವರು. ಅದನ್ನೇ ಮತ್ತೆ ಮತ್ತೆ ಮುಂದುವರಿಸಿದ್ದರಂತೆ. ಒಬ್ಬರೇ. ಬೆಳಿಗ್ಗೆ ಪ್ರಿಂಟರ್ ರಿಪೇರಿ, ಮಧ್ಯಾಹ್ನ ರಿಪೋರ್ಟ್, ಸಂಜೆ ಸಾಹೇಬರ ಮಗನ ಪ್ರಾಜೆಕ್ಟ್. "ನಾಳೆ ಬೆಳಿಗ್ಗೆ ಮೀಟಿಂಗ್, ರಿಪೋರ್ಟ್ ಬೇಕು" ಎಂದು ರಾತ್ರಿ ಹೇಳುತ್ತಿದ್ದರು. ಇರುವುದನ್ನೇ ನಕಲು ಮಾಡಿ ಎರಡು ಸಾಲು ತಿದ್ದಿ ಕೊಡುತ್ತಿದ್ದರು.

"ಮುಟ್ಟಬೇಡಿ ಅಂತ ಯಾಕ್ ಬರೆದ್ರಿ ಅಣ್ಣ?"

"ನಂಗೇ ಬರ್ಕೊಂಡಿದ್ದು ತಮ್ಮ. ಒಂದ್ಸಲ ಮುಟ್ಟಿ ಅಡುಗೆಯವರ ಸಂಬಳ ನಿಂತೋಗಿತ್ತು."

ನಾವು ಸುಮ್ಮನಾದೆವು.

ಡೆನ್ಮಾರ್ಕಿನ ಪೀಟರ್ ನೌರ್ ಎಂಬ ಗಣಕ ವಿಜ್ಞಾನಿ 1985ರಲ್ಲಿ ಒಂದು ಪ್ರಬಂಧದಲ್ಲಿ ವಾದಿಸಿದರು: ಪ್ರೋಗ್ರಾಮ್ ಎಂದರೆ ಬರೆದಿಟ್ಟ ಸಾಲುಗಳಲ್ಲ, ಅದನ್ನು ಕಟ್ಟಿದವರ ಮನಸ್ಸಿನಲ್ಲಿರುವ ತಿಳುವಳಿಕೆ, ಅವರು ಚದುರಿ ಹೋದರೆ ಪ್ರೋಗ್ರಾಮ್ ಸತ್ತ ಹಾಗೆ, ಬರೀ ಕಾಗದದಿಂದ ಅದನ್ನು ಪೂರ್ತಿ ಬದುಕಿಸಲಾಗದು. ನಮ್ಮ ಅನುಭವದಲ್ಲಿ ಇದು ಬಹುಮಟ್ಟಿಗೆ ನಿಜ. ಹೆಚ್ಚು ಅರ್ಥ ಸಿಕ್ಕಿದ್ದು ಅಕ್ಕನಿಂದ, ವಾರ್ಡನ್ ಮೇಡಂ ಅವರಿಂದ, ಆ ಒಂದು ಗಂಟೆಯ ಫೋನಿನಿಂದ. ಆದರೆ ಒಂದು ಮಾತು ಸೇರಿಸಬೇಕು. ತಿಳಿದವರನ್ನು ಹನ್ನೊಂದು ತಿಂಗಳಿಗೊಮ್ಮೆ ಬೀದಿಗೆ ಬಿಡುವ ಕಡೆ ತಿಳುವಳಿಕೆ ಎಲ್ಲಿ ನಿಲ್ಲುತ್ತದೆ? ರಿಪೋರ್ಟಿಗೆ ಕೂಲಿ ಉಂಟು. ಬರೆದಿಡುವುದಕ್ಕೆ ಕೂಲಿ ಇಲ್ಲ.

ತಿದ್ದಿದ್ದು ಹೀಗೆ. ನಕಲಿನ ಮೇಲೆ ಹಳೆಯ ಪ್ರಶ್ನೆಯನ್ನೂ ಹೊಸ ಪ್ರಶ್ನೆಯನ್ನೂ ಅಕ್ಕಪಕ್ಕ ಓಡಿಸಿ, ಎರಡರಲ್ಲೂ ಬೇರೆಯಾದ ಹೆಸರುಗಳನ್ನು ಮಾತ್ರ ಪ್ರಿಂಟ್ ತೆಗೆದೆವು. ಒಂದೊಂದು ಹೆಸರನ್ನೂ ಹಾಜರಿ ಪುಸ್ತಕದ ಜೊತೆ ತಾಳೆ ನೋಡಿದೆವು. ಸೂಪರಿಂಟೆಂಡೆಂಟರ ಸಹಿ ಹಾಕಿಸಿದೆವು. ಮೂರು ನಕಲುಗಳ ಬದಲು ಒಂದು ಪ್ರೊಸೀಜರ್. ಆದಾಯದ ಮಿತಿ ಅದರೊಳಗಿಲ್ಲ, ವರ್ಷವಾರು ಒಂದು ಸಣ್ಣ ಟೇಬಲ್ಲಿನಲ್ಲಿದೆ, ಕಚೇರಿಯವರೇ ನೋಡಬಹುದು. ಖಾತೆ ಇಲ್ಲದವರು ಪಟ್ಟಿಯಲ್ಲಿ ಬರುತ್ತಾರೆ, ಹೆಸರಿನ ಮುಂದೆ "ಖಾತೆ ಇಲ್ಲ" ಎಂದು. ಆದಾಯ ಬರೆಯದವರಿಗೆ ಮೂರನೆಯ ಪಟ್ಟಿ: "ಮಾಹಿತಿ ಬಂದಿಲ್ಲ, ಕೇಳಿ." ಕಾಗದದ ಕೊನೆಯಲ್ಲಿ ಹಾಸ್ಟೆಲ್‌ನ ನಿಜವಾದ ಒಟ್ಟು ಇರುತ್ತದೆ, ಮೂರೂ ಪಟ್ಟಿ ಸೇರಿ ಅದಕ್ಕೆ ಸಮ ಆಗದಿದ್ದರೆ ಆ ಸಾಲು ಕೆಂಪಾಗಿ ಬರುತ್ತದೆ. ಉಳಿದ ಹಾಸ್ಟೆಲ್‌ಗಳಲ್ಲೂ ಹೀಗೇ ಬಿದ್ದುಹೋದ ಹೆಸರುಗಳು ಸಿಕ್ಕವು. ಆ ವರ್ಷ ಬಹಳ ಮಕ್ಕಳಿಗೆ ಅರ್ಜಿ ಹಾಕಿಸಲು ಸಾಧ್ಯವಾಯಿತು. ಕೆಲವರಿಗೆ ಕೊನೆಯ ತಾರೀಕು ದಾಟಿತ್ತು. ಗಾರ್ಮೆಂಟ್ಸ್‌ಗೆ ಹೋದ ಹುಡುಗಿಯನ್ನು ಮುಂದಿನ ವರ್ಷ ಫೀಸಿಲ್ಲದೆ ಸೇರಿಸಿಕೊಳ್ಳುತ್ತೇವೆ ಎಂದು ಕಚೇರಿ ಒಪ್ಪಿತು. ಅವಳು ಬರಲಿಲ್ಲ.

ಗುತ್ತಿಗೆ ಮುಗಿಯುತ್ತಾ ಬಂದಾಗ ಕಚೇರಿಯ ಹಿತೈಷಿಯೊಬ್ಬರು ನಮ್ಮನ್ನು ಟೀ ಅಂಗಡಿಗೆ ಕರೆದರು. "ಏನೋ ಬರೀತಾ ಇದೀರಂತೆ. ದಡ್ಡರಾ ನೀವು? ಎಲ್ಲಾ ಬರೆದಿಟ್ರೆ ನಾಳೆ ನಿಮ್ಮನ್ನ ಯಾರು ಇಟ್ಕೋತಾರೆ? ಗುಟ್ಟು ತಲೇಲಿರ್ಲಿ." ಸುಳ್ಳಲ್ಲ ಆ ಮಾತು. ಮನೆಯಲ್ಲಿ ಸಾಲ ಇದೆ. ನಮ್ಮ ತಲೆಯಲ್ಲಿರುವುದೇ ನಮ್ಮ ಆಸ್ತಿ. ಎರಡು ರಾತ್ರಿ ಇದನ್ನೇ ಮಾತಾಡಿದೆವು. ಶಾನುಭೋಗಿಕೆ ನಡೆದದ್ದು ಇದೇ ಲೆಕ್ಕಾಚಾರದ ಮೇಲೆ ಅಲ್ಲವೇ? ನನಗೆ ಮಾತ್ರ ಓದಲು ಬರಲಿ, ಆಗ ನಾನು ಬೇಕಾಗುತ್ತೇನೆ. ಗಂಟು ಹೊತ್ತವನ ಮೊಮ್ಮಗ ಇನ್ನೊಂದು ಗಂಟು ಕಟ್ಟಿ ಇನ್ನೊಬ್ಬರ ತಲೆಯ ಮೇಲೆ ಇಡುವುದೇ?

ಬರೆದೆವು. ಕನ್ನಡದಲ್ಲೇ ಬರೆದೆವು, ಅಕ್ಕನೂ ಓದುವ ಹಾಗೆ. 64 ಪುಟ. 7 ಅಂದರೇನು, 4 ಅಂದರೇನು. ಯಾವ ರಿಪೋರ್ಟು ಯಾರಿಗೆ, ಯಾವ ತಿಂಗಳು. ನಾವು ಮಾಡಿದ ತಪ್ಪು ಯಾವುದು. ನಮಗೆ ಇನ್ನೂ ಅರ್ಥವಾಗದ್ದು ಯಾವುದು. ಒಂದು ಪ್ರತಿ ಸರ್ವರ್ ಕೋಣೆಯಲ್ಲಿ, ಒಂದು ಅಕ್ಕನ ಮೇಜಿನ ಮೇಲೆ, ಒಂದು ವಾರ್ಡನ್ ಮೇಡಂ ಹತ್ತಿರ. ಗುತ್ತಿಗೆ ಒಬ್ಬನದು ಮುಂದುವರಿಯಿತು, ಇನ್ನೊಬ್ಬನದು ಇಲ್ಲ. ಬರೆದದ್ದರಿಂದ ಹೋಯಿತೋ, ಹಾಗೂ ಹೋಗುತ್ತಿತ್ತೋ ನಮಗೆ ಗೊತ್ತಿಲ್ಲ.

ಹಳ್ಳಿಯ ಮೇಷ್ಟ್ರುಗಳಿಗೆ, ಸಂಘಟನೆಯ ಗೆಳೆಯರಿಗೆ ನಮ್ಮದು ಒಂದೇ ಕೋರಿಕೆ. ಕಿಟಕಿಯಲ್ಲಿ "ಕಂಪ್ಯೂಟರಿನಲ್ಲಿ ಬಂದಿಲ್ಲ" ಅಂದರೆ ಅಲ್ಲಿಗೆ ತಿರುಗಿ ಬರಬೇಡಿ. ನಿಮ್ಮ ಒಟ್ಟು ಎಷ್ಟು, ನಮ್ಮ ಹಾಜರಿ ಪುಸ್ತಕದ ಒಟ್ಟು ಎಷ್ಟು ಎಂದು ಕೇಳಿ. ಹೆಸರಿಲ್ಲದವರ ಪಟ್ಟಿಯನ್ನು ಕಾಗದದ ಮೇಲೆ ಬರೆದುಕೊಂಡು ಹೋಗಿ. ಯಾವ ಕಾರಣಕ್ಕೆ ಬಿಟ್ಟಿದೆ ಎಂದು ಬರವಣಿಗೆಯಲ್ಲಿ ಕೇಳಿ. ಒಳಗೆ ಒಂದು ಸಾಲು ಇದೆ, ಆ ಸಾಲನ್ನು ಒಬ್ಬ ಮನುಷ್ಯ ಬರೆದಿದ್ದಾನೆ, ಇನ್ನೊಬ್ಬ ಮನುಷ್ಯ ತಿದ್ದಬಲ್ಲ.

ಆ ಪ್ರೊಸೀಜರ್‌ನ ತಲೆಯ ಮೇಲಿದ್ದ ಸಾಲನ್ನೂ ಬದಲಿಸಿದೆವು. ಈಗ ಅಲ್ಲಿ ಹೀಗಿದೆ: "ಮುಟ್ಟಬಹುದು. ಇದು ಅಡುಗೆಯವರ ಸಂಬಳದ ಲೆಕ್ಕ. ಪ್ರತಿ ತಿಂಗಳ ಒಂದನೇ ತಾರೀಕು ನಸುಕಿನಲ್ಲಿ ಓಡುತ್ತದೆ. ಮೊದಲು ನಕಲಿನ ಮೇಲೆ ಮುಟ್ಟಿ ನೋಡಿ."